ಬ್ರೇಕಿಲ್ಲದ ಗಾಡಿ, ಲೆಕ್ಕದ ಸವಾರ

ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಮೋಟಾರ್ ಸೈಕಲ್ಲನ್ನು ಓಡಿಸಿದವರಿಗೆ ಅದರ ಒಂದು ವಿಚಿತ್ರ ಚೆನ್ನಾಗಿ ನೆನಪಿರುತ್ತದೆ. ಕಿಕ್ಕರ್ ಯಾವುದೋ ಗೇರ್ ಹಾಕುವ ಕಡ್ಡಿಯೂ ಅದೇ. ಒದ್ದು ಗಾಡಿ ಚಾಲೂ ಮಾಡಿ, ಅದನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಬದಲಿಸಲು ಸಿದ್ಧ. 1960ರ ದಶಕದ ಆರಂಭದಲ್ಲಿ ಕೆಲಸ ಶುರುಮಾಡಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಯವರೆಗೆ ಮೊದಲು ಜಾವಾ ಎಂದೂ ಆಮೇಲೆ ಯೆಜ್ಡಿ ಎಂದೂ ಕರೆಸಿಕೊಂಡ ಈ ಗಾಡಿಗಳು ಹಾಲಿನ ಕ್ಯಾನಿನಿಂದ ಹಿಡಿದು ಮದುಮಕ್ಕಳವರೆಗೆ ನಮ್ಮ ನಾಡಿನಲ್ಲಿ ಹೊರದ ಭಾರವಿಲ್ಲ.

ಆದರೆ ಜಾವಾ ಹೆಸರು ಹೊತ್ತ ಇನ್ನೊಂದು ಗಾಡಿಯೂ ಇತ್ತು. ಅದು ಮೈಸೂರಿಗೆ ಬಂದದ್ದಲ್ಲ, ಚೆಕೊಸ್ಲೊವಾಕಿಯದಲ್ಲೇ ತಯಾರಾಗುತ್ತಿದ್ದದ್ದು. ಅದಕ್ಕೆ ಕಿಕ್ಕರ್ ಇಲ್ಲ, ತಳ್ಳಿಯೇ ಚಾಲೂ ಮಾಡಬೇಕು. ಗೇರ್ ಒಂದೇ, ಆದ್ದರಿಂದ ಬದಲಿಸುವ ಕಡ್ಡಿಯೂ ಇಲ್ಲ. ಬ್ರೇಕಂತೂ ಇಲ್ಲವೇ ಇಲ್ಲ, ಮುಂದೂ ಇಲ್ಲ, ಹಿಂದೂ ಇಲ್ಲ. 500 ಸಿಸಿಯ ಒಂದೇ ಸಿಲಿಂಡರಿನ ಎಂಜಿನ್, ಅದಕ್ಕೆ ಪೆಟ್ರೋಲಿನ ಬದಲು ಮೆಥನಾಲ್. ಇದು ಸ್ಪೀಡ್‌ವೇ ಎಂಬ ಪಂದ್ಯದ ಗಾಡಿ. ಇಂಥದೊಂದು ಗಾಡಿಗೆ ಚಿನ್ನದ ಲೇಪ ಮಾಡಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಊರಿನ ಕ್ಯಾಂಟರ್‌ಬರಿ ವಸ್ತು ಸಂಗ್ರಹಾಲಯಕ್ಕೆ ಸೇರಿಸಿದ್ದಾರೆ. ಅದರ ಸವಾರನ ವಿಚಾರವೇ ಈ ವಾರದ್ದು.

ಮೊದಲು ಆಟದ ಬಗ್ಗೆ ನಾಲ್ಕು ಮಾತು. ಡಾಂಬರು ರಸ್ತೆಯ ಮೇಲೆ ಮೊಣಕಾಲು ಸವರುತ್ತಾ ಹೋಗುವ ರೇಸು ಇದಲ್ಲ. ಗುಡ್ಡ ಹಾರುವ ಮೋಟೋಕ್ರಾಸೂ ಅಲ್ಲ. ಮುನ್ನೂರು, ನಾನೂರು ಮೀಟರ್ ಸುತ್ತಳತೆಯ, ಮೊಟ್ಟೆಯಾಕಾರದ ಮಣ್ಣಿನ ಹಾದಿ. ನಾಲ್ವರು ಸವಾರರು, ನಾಲ್ಕು ಸುತ್ತು, ತಿರುವೆಲ್ಲ ಎಡಕ್ಕೇ. ಒಂದು ನಿಮಿಷದ ಆಸುಪಾಸಿನಲ್ಲಿ ಎಲ್ಲ ಮುಗಿಯುತ್ತದೆ. ಮೊದಲು ಬಂದವನಿಗೆ 3 ಅಂಕ, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಹಾಗೆ ಒಂದರ ಹಿಂದೆ ಒಂದು ಹದಿನೈದು, ಇಪ್ಪತ್ತು ಓಟಗಳು. ನೋಡುವವರ ಮೂಗಿಗೆ ಹರಳೆಣ್ಣೆ ಬೆರೆತ ಹೊಗೆ, ಬಟ್ಟೆಗೆ ಕೆಂಧೂಳು.

ಬ್ರೇಕಿಲ್ಲದೆ ತಿರುಗುವುದು ಹೇಗೆ? ಇದೇ ಆಟದ ಗುಟ್ಟು. ನೇರ ದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರಿನ ಆಚೆ ಈಚೆ ಓಡುವ ಗಾಡಿಯನ್ನು ತಿರುವಿನಲ್ಲಿ ಬೇಕೆಂದೇ ಜಾರಿಸುತ್ತಾರೆ. ಹಿಂಚಕ್ರ ಮಣ್ಣನ್ನು ಎರಚುತ್ತಾ ಹೊರಕ್ಕೆ ಜಾರುತ್ತದೆ. ಹೋಗಬೇಕಾದದ್ದು ಎಡಕ್ಕಾದರೂ ಹ್ಯಾಂಡಲ್ ಬಲಕ್ಕೆ ತಿರುಗಿರುತ್ತದೆ. ಸವಾರನ ಎಡಗಾಲಿಗೆ ಕಟ್ಟಿದ ಉಕ್ಕಿನ ಪಾದುಕೆ ನೆಲ ಕೆರೆಯುತ್ತಾ ಹೋಗುತ್ತದೆ. ವೇಗ ತಗ್ಗಿಸಲು, ದಾರಿ ಹಿಡಿಯಲು ಅವನ ಬಳಿ ಇರುವುದು ಬಲಗೈಯ ಆಕ್ಸಿಲರೇಟರ್ ಮತ್ತು ತನ್ನ ಮೈಭಾರ ಮಾತ್ರ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಹಿಂಚಕ್ರ ತಟ್ಟನೆ ನೆಲ ಕಚ್ಚಿ ಗಾಡಿ ನೇರವಾಗಿ ಬೇಲಿಯ ಕಡೆಗೆ ನುಗ್ಗಬಹುದು. ಹೆದರಿದರೆ ಅಪಾಯ ಹೆಚ್ಚು, ಹೆದರದಿದ್ದರೆ ಸ್ವಲ್ಪ ಕಡಿಮೆ. ಇಷ್ಟೇ ವ್ಯತ್ಯಾಸ.

ಆಸ್ಟ್ರೇಲಿಯಾದಲ್ಲಿ 1920ರ ದಶಕದಲ್ಲಿ ರೂಪ ಪಡೆದ ಈ ಆಟ 1928ರಲ್ಲಿ ಇಂಗ್ಲೆಂಡಿಗೆ ಕಾಲಿಟ್ಟಿತು. ಕೆಲಸ ಮುಗಿಸಿ ಸಂಜೆ ಬರುವ ಕಾರ್ಮಿಕ ಕುಟುಂಬಗಳ ಮೆಚ್ಚಿನ ಆಟವಾಗಿ, 1936ರ ಹೊತ್ತಿಗೆ ವೆಂಬ್ಲಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯುವಷ್ಟು ಬೆಳೆಯಿತು. ಇಂಥ ಆಟದ ಸವಾರನೆಂದರೆ ಜೀವದ ಹಂಗಿಲ್ಲದ ಹುಂಬನೇ ಇರಬೇಕೆಂದು ಹೊರಗಿನವರಿಗೆ ಅನಿಸುವುದು ಸಹಜ. ಅಂಥವರೂ ಇದ್ದರು, ಬೇಕಾದಷ್ಟು ಇದ್ದರು. ಆದರೆ ಆರು ಬಾರಿ ವಿಶ್ವ ಚಾಂಪಿಯನ್ ಆದವನಲ್ಲಿ ಕಾಣುವುದು ಕಿರಾಣಿ ಅಂಗಡಿಯ ಹಳೇ ಗುಮಾಸ್ತನ ಶಿಸ್ತು.

ಅವನ ಹೆಸರು ಐವನ್ ಮೇಜರ್. ಇಂಗ್ಲಿಷಿನ ಕಾಗುಣಿತ ನೋಡಿ ಓದಿದರೆ ‘ಮಾಗರ್’ ಎನ್ನಬೇಕೆನಿಸುತ್ತದೆ, ಆದರೆ ಕರೆಯುತ್ತಿದ್ದದ್ದು ಮೇಜರ್ ಎಂದೇ. ಸೈನ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಹುಟ್ಟಿದ್ದು 1939ರ ಅಕ್ಟೋಬರ್ 4ರಂದು, ಕ್ರೈಸ್ಟ್‌ಚರ್ಚ್‌ನಲ್ಲಿ. ಆ ಒಂದು ಊರಿನ ಅದೃಷ್ಟವೋ ಮಣ್ಣಿನ ಗುಣವೋ, ಅಲ್ಲಿ ಬೆಳೆದ ರೋನಿ ಮೂರ್ 1954ರಲ್ಲೇ ವಿಶ್ವ ಚಾಂಪಿಯನ್ ಆಗಿದ್ದ. ಅಲ್ಲಿಯವನೇ ಆದ ಬ್ಯಾರಿ ಬ್ರಿಗ್ಸ್ 1957 ಮತ್ತು 1958ರಲ್ಲಿ ಆದ. ಊರಿನ ಹುಡುಗರ ಕಣ್ಣೆಲ್ಲ ಇಂಗ್ಲೆಂಡಿನ ಮೇಲೆ. ಹಣವೂ ಅಲ್ಲೇ, ಹೆಸರೂ ಅಲ್ಲೇ.

1957ರಲ್ಲಿ ಮೇಜರ್ ಕೂಡ ಹೊರಟ. ವಯಸ್ಸು ಹದಿನೇಳು. ಜೊತೆಗೆ ಹೊಸದಾಗಿ ಮದುವೆಯಾದ ಹೆಂಡತಿ ರೇ, ಅವಳದು ಇನ್ನೂ ಕಡಿಮೆ ವಯಸ್ಸು. ಲಂಡನ್ನಿನ ವಿಂಬಲ್ಡನ್ ತಂಡ ಸೇರಿದ. ವಿಂಬಲ್ಡನ್ ಎಂದ ಕೂಡಲೇ ನಮಗೆ ನೆನಪಾಗುವುದು ಟೆನಿಸ್ಸಿನ ಹಸಿರು ಹುಲ್ಲು. ಆದರೆ ಅದೇ ಬಡಾವಣೆಯ ಪ್ಲೌ ಲೇನ್‌ನಲ್ಲಿ ಸ್ಪೀಡ್‌ವೇಯ ದೊಡ್ಡ ತಂಡವೊಂದಿತ್ತು. ಬ್ರಿಗ್ಸ್‌ನಂಥ ವಿಶ್ವ ಚಾಂಪಿಯನ್ನರ ತಂಡದಲ್ಲಿ ಹದಿನೇಳರ ಹುಡುಗನಿಗೆ ಸಿಗುವ ಅವಕಾಶ ಎಷ್ಟು? ಮುಖ್ಯ ಪಂದ್ಯ ಮುಗಿದ ಮೇಲೆ ನಡೆಯುವ ಪುಟ್ಟ ಓಟಗಳಲ್ಲಿ ಒಂದಿಷ್ಟು. ಅದರಲ್ಲೂ ಆತ ಮಿಂಚಲಿಲ್ಲ. ಕೊನೆಗೆ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಹೊರಟ.

ಈ ಕಥೆ ಇಲ್ಲಿಗೇ ಮುಗಿದು ಹೋಗಬಹುದಿತ್ತು. ದೂರದೇಶಕ್ಕೆ ಹೋಗಿ ಸೋತು ಮರಳಿದವರು ಎರಡನೆಯ ಬಾರಿ ಅದೇ ಬಾಗಿಲು ತಟ್ಟುವುದು ಅಪರೂಪ. ಮೇಜರ್ ಆಸ್ಟ್ರೇಲಿಯಾದ ಟ್ರ್ಯಾಕುಗಳಲ್ಲಿ ವರ್ಷಗಟ್ಟಲೆ ಕಸುಬು ಕಲಿತ. 1963ರಲ್ಲಿ ಮತ್ತೆ ಇಂಗ್ಲೆಂಡಿಗೆ ಬಂದ. ಈ ಸಲ ಲಂಡನ್ನಿಗಲ್ಲ, ಉತ್ತರದ ನ್ಯೂಕಾಸಲ್ ಊರಿಗೆ. ಅದೂ ಮೇಲಿನ ದರ್ಜೆಯ ಲೀಗಿಗಲ್ಲ, ಪ್ರಾವಿನ್ಷಿಯಲ್ ಲೀಗ್ ಎಂಬ ಕೆಳಗಿನ ದರ್ಜೆಗೆ. ಚಿನ್ನದ ಗಾಡಿಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನ್ನನ್ನು ಕೇಳಿದರೆ ಆತನ ಜೀವನದ ದೊಡ್ಡ ನಿರ್ಧಾರ ಇದೇ. ಇಪ್ಪತ್ಮೂರರ ಸಂಸಾರಸ್ಥ ಒಂದು ಮೆಟ್ಟಿಲು ಕೆಳಗಿಳಿದು ಶುರುಮಾಡಲು ಒಪ್ಪಿದ. ಆ ವರ್ಷವೂ ಮರುವರ್ಷವೂ ಆ ಲೀಗಿನ ಸವಾರರ ಚಾಂಪಿಯನ್‌ಷಿಪ್ ಗೆದ್ದ. 1964ರಲ್ಲಿ ನ್ಯೂಕಾಸಲ್ ತಂಡಕ್ಕೆ ಲೀಗ್ ಕಿರೀಟವೂ ಬಂತು. 1965ರಲ್ಲಿ ಎರಡೂ ಲೀಗುಗಳು ಸೇರಿ ಬ್ರಿಟಿಷ್ ಲೀಗ್ ಆದಾಗ, ಮೇಜರ್ ತಾನಾಗಿಯೇ ಮೇಲಿನ ದರ್ಜೆಯಲ್ಲಿದ್ದ!

ಈಗ ಈ ಕಸುಬಿನ ಸಂಬಳದ ವಿಚಾರ ಹೇಳಬೇಕು. ಇದು ತಿಳಿಯದೆ ಮೇಜರ್ ಅರ್ಥವಾಗುವುದಿಲ್ಲ. ಸ್ಪೀಡ್‌ವೇ ಸವಾರ ತಿಂಗಳ ಸಂಬಳದವನಲ್ಲ. ಓಟಕ್ಕೆ ಇಳಿದದ್ದಕ್ಕೆ ಇಷ್ಟು, ಗಳಿಸಿದ ಒಂದೊಂದು ಅಂಕಕ್ಕೆ ಇಷ್ಟು ಎಂದು ಎಣಿಸಿ ಕೊಡುತ್ತಾರೆ. ಗದ್ದೆಯಲ್ಲಿ ನಾಟಿ ಮಾಡುವವರಿಗೆ ಎಕರೆ ಲೆಕ್ಕದಲ್ಲಿ ಕೂಲಿ ಕೊಟ್ಟ ಹಾಗೆ. ಗಾಡಿ ಅವನದೇ, ಎಂಜಿನ್ ಅವನದೇ, ಟೈರು, ಎಣ್ಣೆ, ವ್ಯಾನು, ಮೆಕ್ಯಾನಿಕ್‌ನ ಕೂಲಿ ಎಲ್ಲ ಅವನದೇ. ಎಂಜಿನ್ ಸುಟ್ಟರೆ ನಷ್ಟ ಅವನದು. ಕಾಲರ್ ಮೂಳೆ ಮುರಿದು ಆರು ವಾರ ಮಲಗಿದರೆ ಆರು ವಾರದ ಅಂಕವಿಲ್ಲ, ಅಂಕವಿಲ್ಲವಾದರೆ ದುಡ್ಡಿಲ್ಲ. ಈ ಕಾರಣಕ್ಕೇ ಇವರು ಮೂಳೆ ಪೂರ್ತಿ ಕೂಡುವ ಮುಂಚೆ ಪಟ್ಟಿ ಬಿಗಿದುಕೊಂಡು ಟ್ರ್ಯಾಕಿಗೆ ಬರುತ್ತಾರೆ. ಜನ ಅದನ್ನು ಧೈರ್ಯ ಎಂದು ಚಪ್ಪಾಳೆ ತಟ್ಟುತ್ತಾರೆ. ಮನೆ ಬಾಡಿಗೆಯ ಚಿಂತೆಯೂ ಅದರಲ್ಲಿ ಒಂದು ಪಾಲು ಇರುತ್ತದೆ.

ಮೇಜರ್ ಈ ಲೆಕ್ಕವನ್ನು ಎಲ್ಲರಿಗಿಂತ ಚೆನ್ನಾಗಿ ಓದಿದ. ಗಾಡಿ ಪಂದ್ಯದ ನಡುವೆ ಕೈಕೊಡಬಾರದು, ಆದ್ದರಿಂದ ಪಂದ್ಯಕ್ಕೆ ಮುಂಚೆ ಒಂದೊಂದು ನಟ್ಟೂ ಬೋಲ್ಟೂ ನೋಡಿರಬೇಕು. ಬೀಳಬಾರದು, ಬಿದ್ದರೆ ಸೊನ್ನೆ. ಮೊದಲ ತಿರುವಿಗೆ ಮೊದಲು ತಲುಪಿದವನ ಮುಖಕ್ಕೆ ಯಾರೂ ಮಣ್ಣೆರಚಲಾರರು, ಆದ್ದರಿಂದ ಹೊರಡುವ ಕ್ಷಣವೇ ಮುಖ್ಯ. ಸ್ಪೀಡ್‌ವೇಯಲ್ಲಿ ಓಟ ಶುರುವಾಗುವುದು ಅಡ್ಡಕ್ಕೆ ಕಟ್ಟಿದ ಟೇಪು ಮೇಲಕ್ಕೆ ಹಾರಿದಾಗ. ಕ್ಲಚ್ ಬಿಡುವುದು ಒಂದು ಚೂರು ತಡವಾದರೆ ಹಿಂದೆ ಉಳಿಯುತ್ತೀರಿ. ಒಂದು ಚೂರು ಮೊದಲಾದರೆ ಟೇಪಿಗೆ ತಗುಲಿ ಓಟದಿಂದಲೇ ಹೊರಗೆ. ಈ ಒಂದು ಕ್ಷಣವನ್ನು ಮೇಜರ್ ಸಾಧನೆ ಮಾಡಿದ್ದು ಸಂಗೀತಗಾರರು ಬೆಳಗಿನ ಜಾವ ಶ್ರುತಿ ಹಿಡಿದು ಕೂರುವ ಹಾಗೆ. ಹೊರಡುವುದರಲ್ಲಿ ಆತನನ್ನು ಮೀರಿಸಿದವರು ಕಡಿಮೆ. ಅದಕ್ಕೇ ಆತನ ಓಟ ನೀರಸ ಎಂದವರೂ ಇದ್ದರು. ಹಿಂದಿನಿಂದ ಬಂದು ಬೇಲಿ ಸವರಿಕೊಂಡು ಮೂವರನ್ನು ದಾಟುವವನನ್ನು ಜನ ಪ್ರೀತಿಸುತ್ತಾರೆ. ಮೊದಲೇ ಮುಂದೆ ಹೋಗಿ ಮುಂದೆಯೇ ಉಳಿಯುವವನನ್ನು ಗೌರವಿಸುತ್ತಾರೆ, ಅಷ್ಟೆ.

ಆಗಿನ ವಿಶ್ವ ಚಾಂಪಿಯನ್‌ಷಿಪ್ಪಿನ ಕ್ರಮವೂ ಲೆಕ್ಕಸ್ಥನಿಗೆ ಹೇಳಿಸಿದ್ದು. ವರ್ಷವಿಡೀ ಅರ್ಹತಾ ಸುತ್ತುಗಳನ್ನು ದಾಟಿದ ಹದಿನಾರು ಮಂದಿ ಒಂದು ಸಂಜೆ ಒಂದೆಡೆ ಸೇರುತ್ತಿದ್ದರು. ಇಪ್ಪತ್ತು ಓಟ, ಒಬ್ಬೊಬ್ಬನಿಗೆ ಐದು. ಪ್ರತಿಯೊಬ್ಬನೂ ಉಳಿದ ಹದಿನೈದು ಜನರನ್ನು ಒಮ್ಮೆ ಎದುರಿಸಲೇಬೇಕು. ಐದೂ ಗೆದ್ದರೆ 15 ಅಂಕ. ಒಂದು ಸ್ಪಾರ್ಕ್ ಪ್ಲಗ್ ಕೆಟ್ಟರೆ, ಒಂದು ಚೈನ್ ಕಡಿದರೆ ವರ್ಷದ ದುಡಿಮೆ ಮಣ್ಣುಪಾಲು. 1968ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಮೇಜರ್ ಐದಕ್ಕೆ ಐದೂ ಗೆದ್ದು ಮೊದಲ ಬಾರಿ ಚಾಂಪಿಯನ್ ಆದ. 1969ರಲ್ಲಿ ವೆಂಬ್ಲಿಯಲ್ಲಿ 14 ಅಂಕ. 1970ರಲ್ಲಿ ಪೋಲೆಂಡಿನ ವ್ರೋತ್ಸ್ಲಾವ್‌ನಲ್ಲಿ, ಪೋಲಿಷ್ ಸವಾರರ ಮನೆಯಂಗಳದಲ್ಲೇ, ಮತ್ತೆ 15. ಸತತ ಮೂರು ವರ್ಷ ಗೆದ್ದವನು ಅದಕ್ಕೂ ಹಿಂದೆ ಯಾರೂ ಇರಲಿಲ್ಲ. ಮೂರನೆಯದನ್ನೂ ಗೆದ್ದರೆ ಗಾಡಿಗೆ ಚಿನ್ನದ ಲೇಪ ಹಾಕಿಸುತ್ತೇವೆಂದು ಅಮೆರಿಕದ ಇಬ್ಬರು ಅಭಿಮಾನಿಗಳು ಮಾತು ಕೊಟ್ಟಿದ್ದರು. ಮಾತು ಉಳಿಸಿಕೊಂಡರು. ಆ ಗಾಡಿಯೇ ಈಗ ಕ್ರೈಸ್ಟ್‌ಚರ್ಚ್‌ನಲ್ಲಿರುವುದು.

ಆ ಕಾಲದ ಒಂದು ಉಪಕಥೆಯನ್ನು ಬಿಡುವಂತಿಲ್ಲ. ಮೇಜರ್ ಡೆನ್ಮಾರ್ಕಿನಲ್ಲಿ ಹುಡುಗರಿಗೆ ತರಬೇತಿ ಶಿಬಿರ ನಡೆಸಿದ. ಅಲ್ಲಿ ಕಣ್ಣಿಗೆ ಬಿದ್ದ ಓಲೆ ಓಲ್ಸನ್ ಎಂಬ ಹುಡುಗ 1967ರಲ್ಲಿ ನ್ಯೂಕಾಸಲ್ ತಂಡಕ್ಕೆ ಬಂದ. ಆತ ಗುರುವಿನ ಗಾಡಿಯನ್ನೂ ನೋಡಿದ, ಗುರುವಿನ ದಿನಚರಿಯನ್ನೂ ನೋಡಿದ. 1971ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಐದೂ ಓಟ ಗೆದ್ದು ಚಾಂಪಿಯನ್ ಆದವನು ಈ ಓಲ್ಸನ್. ಎರಡನೆಯ ಸ್ಥಾನದಲ್ಲಿ ಗುರು! ಓಲ್ಸನ್ ಮುಂದೆ 1975 ಮತ್ತು 1978ರಲ್ಲೂ ಗೆದ್ದ. ತನ್ನ ದೇಶದ ವೋಯೆನ್ಸ್ ಊರಿನ ಬಳಿ ಜಲ್ಲಿ ತೆಗೆದ ಹಳ್ಳವೊಂದನ್ನು 1975ರಲ್ಲಿ ಸ್ಪೀಡ್‌ವೇ ಕ್ರೀಡಾಂಗಣ ಮಾಡಿದ. ಆಮೇಲೆ ಡೆನ್ಮಾರ್ಕಿನಿಂದ ಎರಿಕ್ ಗುಂಡರ್ಸನ್, ಹಾನ್ಸ್ ನೀಲ್ಸನ್ ಬಂದು 1984ರಿಂದ 1989ರವರೆಗೆ ಆರು ವರ್ಷ ಬೇರೆ ಯಾರಿಗೂ ಕಿರೀಟ ಮುಟ್ಟಗೊಡಲಿಲ್ಲ. ಗುಟ್ಟು ಹೇಳಿಕೊಟ್ಟವನಿಗೆ ಎಷ್ಟು ನಷ್ಟವಾಯಿತು ಎಂದು ಲೆಕ್ಕ ಹಾಕಬಹುದು. ಆದರೆ ಮೇಜರ್ ಹೇಳಿಕೊಡುವುದನ್ನು ನಿಲ್ಲಿಸಲಿಲ್ಲ. ಮುಂದೆಯೂ ವರ್ಷಗಟ್ಟಲೆ ಶಿಬಿರ ನಡೆಸಿದ.

1972ರಲ್ಲಿ ವೆಂಬ್ಲಿಯಲ್ಲಿ ನಾಲ್ಕನೆಯ ಕಿರೀಟ. ಅಂದಿನ ಒಂದು ಅಪಘಾತದಲ್ಲಿ ಬ್ಯಾರಿ ಬ್ರಿಗ್ಸ್ ಎಡಗೈಯ ಬೆರಳೊಂದನ್ನು ಕಳೆದುಕೊಂಡ. ಮೇಜರ್ ಮತ್ತು ಸ್ವೀಡನ್ನಿನ ಬರ್ನ್ಟ್ ಪರ್ಸನ್ 13 ಅಂಕಗಳಲ್ಲಿ ಸಮವಾಗಿ, ಇಬ್ಬರೇ ಮತ್ತೆ ಓಡಬೇಕಾಯಿತು. ಮೇಜರ್ ಗೆದ್ದ.

ಮರುವರ್ಷ ಪೋಲೆಂಡಿನ ಖೋಜುವ್‌ನಲ್ಲಿ ಅದೇ ಸನ್ನಿವೇಶ ತಿರುಗಿ ಬಂತು. ಲಕ್ಷಕ್ಕೂ ಮೀರಿ ಜನ ಸೇರಿದ್ದ ಕ್ರೀಡಾಂಗಣ. ಮೇಜರ್‌ಗೆ ಸಮನಾಗಿ 13 ಅಂಕ ಗಳಿಸಿ ನಿಂತವನು ಯೆಜಿ ಶ್ಚಾಕಿಯೆಲ್ ಎಂಬ ಪೋಲಿಷ್ ಹುಡುಗ. ಎರಡು ವರ್ಷದ ಹಿಂದಿನ ಫೈನಲ್‌ನಲ್ಲಿ ಐದು ಓಟ ಓಡಿ ಒಂದೂ ಅಂಕ ಗಳಿಸದವನು! ಇಬ್ಬರೇ ಓಡಿದ ಆ ಕೊನೆಯ ಓಟದಲ್ಲಿ ಹುಡುಗ ಮುಂದೆ ಹಾರಿದ. ಜೀವನದುದ್ದಕ್ಕೂ ಬೀಳದಿರುವ ಲೆಕ್ಕ ಹಾಕಿದ ಮೇಜರ್, ಅವನನ್ನು ದಾಟಲು ನುಗ್ಗಿ, ಬಿದ್ದ. ಶ್ಚಾಕಿಯೆಲ್ ಚಾಂಪಿಯನ್ ಆದ. ಇನ್ನೊಬ್ಬ ಪೋಲಿಷ್ ಸವಾರ ವಿಶ್ವ ಚಾಂಪಿಯನ್ ಆಗಲು 2010ರವರೆಗೆ, ಮೂವತ್ತೇಳು ವರ್ಷ, ಆ ದೇಶ ಕಾಯಬೇಕಾಯಿತು. ಎರಡನೆಯ ಸ್ಥಾನ ಸಾಕು ಎಂದುಕೊಂಡಿದ್ದರೆ ಮೇಜರ್ ಬೀಳುತ್ತಿರಲಿಲ್ಲ. ಲೆಕ್ಕದ ಮನುಷ್ಯನೂ ಕೆಲವೊಮ್ಮೆ ಪುಸ್ತಕ ಬಿಸಾಡುತ್ತಾನೆ ಎಂಬುದು ನನಗಂತೂ ಸಮಾಧಾನ ಕೊಡುವ ಸಂಗತಿ.

ನಡುವೆ ತಂಡಗಳು ಬದಲಾದವು. ನ್ಯೂಕಾಸಲ್ ಬಿಟ್ಟು 1969ರಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂ ಸೇರಿದ. ಆ ತಂಡ 1970ರಿಂದ ಸತತ ಮೂರು ವರ್ಷ ಲೀಗ್ ಗೆದ್ದಿತು. 1973ರಲ್ಲಿ ಎಕ್ಸಿಟರ್‌ಗೆ ಹೋದ. ಟ್ರ್ಯಾಕಿನ ಸುತ್ತ ಉಕ್ಕಿನ ತಗಡಿನ ಬೇಲಿ ಇದ್ದ ಊರು ಅದು, ಎದುರಾಳಿಗಳ ಎದೆ ನಡುಗಿಸುತ್ತಿದ್ದದ್ದು. 1974ರಲ್ಲಿ ಆ ತಂಡಕ್ಕೂ ಕಿರೀಟ. ಆಮೇಲೆ ಹಲ್. ಬಿಡುವಿದ್ದಾಗ ಯುರೋಪಿಗೆ ದಾಟಿ, ಸಾವಿರ ಮೀಟರಿನ ಉದ್ದ ಟ್ರ್ಯಾಕಿನ ಪಂದ್ಯಗಳು. ಅದರಲ್ಲೂ 1971, 1972, 1976ರಲ್ಲಿ ವಿಶ್ವ ಚಾಂಪಿಯನ್. ಚಳಿಗಾಲ ಬಂತೆಂದರೆ ಬ್ರಿಗ್ಸ್ ಜೊತೆ ಸೇರಿ ಸವಾರರ ತಂಡ ಕಟ್ಟಿಕೊಂಡು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸ. ನಮ್ಮ ಕಂಪನಿ ನಾಟಕದವರು ಊರಿಂದೂರಿಗೆ ಹೋದ ಹಾಗೆ. ಎದುರಾಳಿಗಳೂ ಹೌದು, ಪಾಲುದಾರರೂ ಹೌದು.

ಐದನೆಯ ಕಿರೀಟ ಬರಲು ಐದು ವರ್ಷ ಹಿಡಿಯಿತು. ಹೊಸ ಎಂಜಿನ್‌ಗಳು ಬಂದಿದ್ದವು. 1976ರಲ್ಲಿ ಇಂಗ್ಲೆಂಡಿನ ಪೀಟರ್ ಕಾಲಿನ್ಸ್ ನಾಲ್ಕು ವಾಲ್ವಿನ ವೆಸ್ಲೇಕ್ ಎಂಜಿನ್ ಮೇಲೆ ಗೆದ್ದಾಗ, ಮೇಜರ್‌ನ ಕಾಲ ಮುಗಿಯಿತು ಎಂದುಕೊಂಡವರು ಬಹಳ. 1977ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಕಾಲಿನ್ಸ್‌ಗಿಂತ ಒಂದು ಅಂಕ ಹೆಚ್ಚು ಗಳಿಸಿ ಮೇಜರ್ ಗೆದ್ದ. 1979ರ ಸೆಪ್ಟೆಂಬರಿನಲ್ಲಿ, ಆರು ವರ್ಷದ ಹಿಂದೆ ಬಿದ್ದಿದ್ದ ಅದೇ ಖೋಜುವ್‌ನಲ್ಲಿ, ಇನ್ನೊಂದು ತಿಂಗಳಲ್ಲಿ ನಲವತ್ತು ತುಂಬಲಿದ್ದ ವಯಸ್ಸಿನಲ್ಲಿ, 14 ಅಂಕ ಗಳಿಸಿ ಆರನೆಯ ಬಾರಿ ಚಾಂಪಿಯನ್ ಆದ. ಆ ವಯಸ್ಸಿಗೆ ಬಹಳಷ್ಟು ಸವಾರರು ಗ್ಯಾರೇಜ್ ಇಟ್ಟುಕೊಂಡು ಕುಳಿತಿರುತ್ತಾರೆ.

ಇಲ್ಲೊಂದು ಹೋಲಿಕೆ ಮನಸ್ಸಿಗೆ ಬರುತ್ತದೆ. ಅಮೆರಿಕದ ಬ್ರೂಸ್ ಪೆನ್‌ಹಾಲ್ 1981ರಲ್ಲಿ ವೆಂಬ್ಲಿಯಲ್ಲೂ 1982ರಲ್ಲಿ ಲಾಸ್ ಏಂಜಲೀಸ್‌ನಲ್ಲೂ ಗೆದ್ದು, ಗೆದ್ದ ಕೂಡಲೇ ಸ್ಪೀಡ್‌ವೇ ಬಿಟ್ಟು ಟಿವಿ ಧಾರಾವಾಹಿಯಲ್ಲಿ ನಟಿಸಲು ಹೋದ. ಇಪ್ಪತ್ತೈದರ ಹರೆಯ, ಕೈಕಾಲು ನೆಟ್ಟಗಿದ್ದವು. ಬುದ್ಧಿವಂತ ಎಂದರು ಕೆಲವರು, ದ್ರೋಹಿ ಎಂದರು ಕೆಲವರು. ಆಮೇಲೆ ಏನೇನಾಯಿತು ಎಂದು ನೋಡಿದರೆ ಮೊದಲನೆಯವರ ಮಾತೇ ಸರಿ ಎನಿಸುತ್ತದೆ.

ಮೂರು ಸಲ ಚಾಂಪಿಯನ್ ಆದ ಗುಂಡರ್ಸನ್ 1989ರಲ್ಲಿ ಬ್ರಾಡ್‌ಫರ್ಡ್‌ನಲ್ಲಿ ನಡೆದ ವಿಶ್ವ ತಂಡ ಫೈನಲ್‌ನ ಮೊದಲ ಓಟದ ಮೊದಲ ತಿರುವಿನಲ್ಲೇ ಬಿದ್ದು ಸಾವಿನ ಬಾಗಿಲವರೆಗೆ ಹೋಗಿ ಬಂದ. ಮತ್ತೆ ಪಂದ್ಯಕ್ಕಿಳಿಯಲಿಲ್ಲ. 1990ರ ಚಾಂಪಿಯನ್, ಸ್ವೀಡನ್ನಿನ ಪೆರ್ ಯಾನ್ಸನ್, 1994ರಲ್ಲಿ ಪೋಲೆಂಡಿನ ಲೀಗ್ ಪಂದ್ಯದಲ್ಲಿ ಬೆನ್ನುಹುರಿ ಮುರಿದುಕೊಂಡು ಗಾಲಿ ಕುರ್ಚಿ ಹಿಡಿದ. ಎರಡು ಸಲ ಕಿರಿಯರ ವಿಶ್ವ ಚಾಂಪಿಯನ್ ಆಗಿದ್ದ ಆಸ್ಟ್ರೇಲಿಯಾದ ಡಾರ್ಸಿ ವಾರ್ಡ್‌ಗೆ 2015ರಲ್ಲಿ ಇಪ್ಪತ್ಮೂರರ ವಯಸ್ಸಿನಲ್ಲಿ ಅದೇ ಗತಿ, ಅದೂ ಪೋಲೆಂಡಿನಲ್ಲೇ. ಮೂವತ್ತೇಳು ವರ್ಷದ ಬಳಿಕ ಪೋಲೆಂಡಿಗೆ ಕಿರೀಟ ತಂದ ತೊಮಾಶ್ ಗೊಲ್ಲೊಬ್ ಸ್ಪೀಡ್‌ವೇಯಲ್ಲಿ ಬದುಕಿ ಉಳಿದು, 2017ರಲ್ಲಿ ಮೋಟೋಕ್ರಾಸ್ ಅಭ್ಯಾಸದಲ್ಲಿ ಬಿದ್ದು ಕಾಲುಗಳ ಸ್ವಾಧೀನ ಕಳೆದುಕೊಂಡ. ಇವರಾರೂ ಹುಂಬರಲ್ಲ. ಮೇಜರ್‌ನಷ್ಟೇ ಕಸುಬು ಬಲ್ಲವರು. ಬೇಲಿಗಳಿಗೆ ಈಗ ಗಾಳಿ ತುಂಬಿದ ಮೆತ್ತೆ ಕಟ್ಟುತ್ತಾರೆ, ಅದರಿಂದ ಉಳಿದ ಜೀವಗಳೂ ಇವೆ. ಆದರೂ ಪಕ್ಕದವನ ಚಕ್ರ ಎಲ್ಲಿ ಜಾರುತ್ತದೆ ಎಂಬುದು ಯಾರ ಲೆಕ್ಕಪುಸ್ತಕದಲ್ಲೂ ಬರೆದಿರುವುದಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಓಡಿಸಿ ತನ್ನ ಕಾಲ ಮೇಲೆ ನಡೆದು ಹೊರಬಂದದ್ದರಲ್ಲಿ ಮೇಜರ್‌ನ ಶಿಸ್ತು ಎಷ್ಟು, ಅದೃಷ್ಟ ಎಷ್ಟು ಎಂದು ಬಿಡಿಸಿ ಹೇಳಲು ನನಗಾಗದು.

ಆಟದ ಕ್ರಮ ಈಗ ಬದಲಾಗಿದೆ. 1995ರಿಂದ ಒಂದೇ ಸಂಜೆಯ ಫೈನಲ್ ಹೋಗಿ, ವರ್ಷವಿಡೀ ನಡೆಯುವ ಗ್ರಾಂಪ್ರಿ ಸರಣಿ ಬಂದಿದೆ. ಹಣವೂ ಜನವೂ ಇಂಗ್ಲೆಂಡಿನಿಂದ ಪೋಲೆಂಡಿಗೆ ಸರಿದಿದೆ. ಇಂಗ್ಲೆಂಡಿನ ಹಳೆಯ ಟ್ರ್ಯಾಕುಗಳಲ್ಲಿ ಹಲವು ಕಣ್ಮರೆಯಾದವು: ಬೆಲ್ ವ್ಯೂನ ಹಳೇ ಅಂಗಳ 1987ರಲ್ಲಿ, ಎಕ್ಸಿಟರಿನ ಉಕ್ಕಿನ ಬೇಲಿ 2005ರಲ್ಲಿ. ಹದಿನೇಳರ ಮೇಜರ್ ಸೋತು ಹಿಂತಿರುಗಿದ ಪ್ಲೌ ಲೇನ್‌ನಲ್ಲಿ 2020ರಿಂದ ಫುಟ್‌ಬಾಲ್ ಆಡುತ್ತಿದ್ದಾರೆ. ಸ್ವೀಡನ್ನಿನ ಟೋನಿ ರಿಕಾರ್ಡ್‌ಸನ್ 2005ರಲ್ಲಿ ಆರನೆಯ ಕಿರೀಟ ಗೆದ್ದು ಮೇಜರ್‌ಗೆ ಸಮನಾದ. 2025ರಲ್ಲಿ ಪೋಲೆಂಡಿನ ಬಾರ್ತೋಶ್ ಜ್ಮಾರ್ಜ್ಲಿಕ್ ಕೂಡ ಆದ. ವಯಸ್ಸಿನ ದಾಖಲೆಯನ್ನು ಅಮೆರಿಕದ ಗ್ರೆಗ್ ಹ್ಯಾನ್‌ಕಾಕ್ 2011ರಲ್ಲೇ ಮುರಿದಿದ್ದ.

ಮೇಜರ್ ಕೊನೆಯ ವರ್ಷಗಳನ್ನು ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ಕಳೆದ. ಮರೆವಿನ ಕಾಯಿಲೆ ಹಿಡಿದಿತ್ತು. 2018ರ ಏಪ್ರಿಲ್ 16ರಂದು ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡ. 1957ರಲ್ಲಿ ಅವನೊಡನೆ ಇಂಗ್ಲೆಂಡಿಗೆ ಹೊರಟಿದ್ದ ರೇ ಆಗಲೂ ಜೊತೆಗಿದ್ದಳು.